ಗಾಜಿನ ಅರಿವೆಯ ಟಾಕಿ

ಅಂಗಳದಲ್ಲಿ ಕೂತ ಜನರನ್ನು ದುರಗಪ್ಪ ಮೂರನೇ ಸಲ ಎಣಿಸುತ್ತಿದ್ದ. ಎಪ್ಪತ್ತೆರಡು. ಬಾಗಲಕೋಟೆಯ ಬಸ್ಸಿನಿಂದ ಈಗಷ್ಟೇ ಇಳಿದು ಬಂದವರು ಸೇರಿ ಎಪ್ಪತ್ತಾರು. ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವನೊಬ್ಬ ಸತ್ತರೆ ಇಷ್ಟೊಂದು ಮಂದಿಯೇ? ತಾನು ಸತ್ತರೆ ಎಷ್ಟು ಬಂದಾರು?

ಲಕ್ಷ್ಮಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಜೀವ ಹೋದರೂ ತುಟಿಯ ಮೂಲೆಯ ಆ ನಗೆ ಹೋಗಿರಲಿಲ್ಲ.

ಪಕ್ಕದಲ್ಲಿದ್ದ ಕನಕಪ್ಪ ಮೂಗು ಒರೆಸಿಕೊಂಡ. "ವಿಮಾನಕ್ಕ ಪೆಟ್ರೋಲ್ ಟಾಕಿ ಮಾಡಿದ ಕೈ ಲೇ ಅವು. ಇಲಕಲ್ಲಾಗ ಇನ್ನೊಬ್ಬ ಅಂಥವ ಹುಟ್ಟಂಗಿಲ್ಲ."

"ಸೋರಿದ ಟಾಕಿ," ಅಂದ ದುರಗಪ್ಪ.

"ಸೋರ್ಲಿ ಬಿಡೋ ಮಾರಾಯ. ನಿನ್ನ ತಗಡಿನ ಡಬ್ಬಿ ನೋಡಾಕ ಒಂದು ನಾಯಿಯರ ಬಂದಿತ್ತೇನು?"

ಸುತ್ತಲಿನ ನಾಲ್ಕು ಜನ ಸಾವಿನ ಮನೆ ಎನ್ನುವುದನ್ನೂ ಮರೆತು ಕಿಸಕ್ಕೆಂದರು. ಅಷ್ಟರಲ್ಲಿ ಲಕ್ಷ್ಮಪ್ಪನ ಹೆಂಡತಿ ಸಿದ್ದವ್ವ ಬಾಗಿಲಿಗೆ ಬಂದಳು. ಅತ್ತು ಅತ್ತು ದನಿ ಒಡೆದಿತ್ತು.

"ದುರಗಪ್ಪಣ್ಣಾ, ಮೈ ತೊಳಿಯಾಕ ನೀರ ಸಾಲಂಗಿಲ್ಲ. ಹಿತ್ತಲದಾಗ ಟಾಕಿ ಐತಿ ನೋಡು, ಎರಡು ಕೊಡ ತಾ."

ಕೊಡ ಹಿಡಿದು ಹಿತ್ತಲಿಗೆ ಹೋದ ದುರಗಪ್ಪ ಬೇವಿನ ಗಿಡದ ಕೆಳಗೆ ಗಕ್ಕನೆ ನಿಂತ. ಕಲ್ಲಿನ ಕಟ್ಟೆಯ ಮೇಲೆ, ಬುಡಕ್ಕೊಂದು ಹಿತ್ತಾಳೆ ನಳ ಇಟ್ಟುಕೊಂಡು, ಜೇನಿನ ಬಣ್ಣದ ಅದೇ ಟಾಕಿ ಕೂತಿತ್ತು. ಏಳು ವರ್ಷದ ಹಿಂದೆಯೇ ತಿಪ್ಪೆಗೆ ಬಿದ್ದಿರಬೇಕು ಎಂದುಕೊಂಡಿದ್ದ.

*

ಎಪ್ಪತ್ತೊಂಬತ್ತನೇ ಇಸವಿಯ ಮಾತು. ವಿಮಾನದಳದಲ್ಲಿ ಫಿಟ್ಟರ್ ಆಗಿದ್ದ ಗುಡೂರಿನ ಸಂಗಯ್ಯ ಪಿಂಚಣಿಗೆ ಬಂದವನೇ ಇಲಕಲ್ಲಿನಲ್ಲಿ ಒಂದು ತಗಡಿನ ಶೆಡ್ಡು ಹಾಕಿ, ತಾನೊಬ್ಬನೇ ಕೂರುವಂಥ ವಿಮಾನ ಕಟ್ಟತೊಡಗಿದ. ಇಡೀ ಊರಿಗೆ ಡಬ್ಬಿ, ಲಾಳಿಕೆ ಬೆಸೆದು ಕೊಡುತ್ತಿದ್ದ ದುರಗಪ್ಪ ಹದಿನೈದು ದಿನ ಕೂತು ಪೆಟ್ರೋಲ್ ಟಾಕಿಯೊಂದನ್ನು ಮಾಡಿ ಒಯ್ದ. ಸಂಗಯ್ಯ ಎತ್ತಿ ನೋಡಿ ಕೆಳಗಿಟ್ಟ.

"ಕೆಲಸ ಚೊಲೋ ಐತೋ. ಆದ್ರ ಭಾರ. ಇದನ್ನ ಹೊತ್ತು ಏನು ಹಾರೀತು?"

ಹಗುರ ಟಾಕಿಗೆಂದು ಪುಣೆಯಿಂದ ಗಾಜಿನ ಎಳೆಯ ಅರಿವೆ, ಡಬ್ಬಿ ತುಂಬ ರಾಳ ಬಂತು. ಅರಿವೆ ಅಂದ ಮೇಲೆ ನೇಕಾರನಿಗೇ ಗೊತ್ತು ಅಂದ ಸಂಗಯ್ಯ, ಲಕ್ಷ್ಮಪ್ಪನನ್ನು ಕರೆಸಿದ. ಕಟ್ಟಿಗೆಯ ಅಚ್ಚಿನ ಮೇಲೆ ಲಕ್ಷ್ಮಪ್ಪ ಒಂದೊಂದೇ ಪದರು ಹಾಸಿ ರಾಳ ಬಳಿದ. ಮೂಲೆಗಳಲ್ಲಿ ಅರಿವೆಯ ಮೇಲೆ ಅರಿವೆ ಹಚ್ಚಲಿಲ್ಲ. ಸೀರೆಯ ಒಡಲಿಗೆ ಸೆರಗು ಕೂಡಿಸುವಾಗ ಎಳೆಗೆ ಎಳೆ ಕೊಂಡಿ ಹಾಕುತ್ತಾರಲ್ಲ, ಹಾಗೆ ಗಾಜಿನ ಎಳೆಗಳನ್ನು ಕೊಂಡಿ ಹಾಕಿ ಎಳೆದ. ಬೆರಳಿಂದ ರಕ್ತ ಬಂತು. ರಾಳ ಒಣಗಿದ ಮೇಲೆ ಬೆಸುಗೆ ಎಲ್ಲಿದೆ ಅಂತ ದುರಗಪ್ಪ ಉಗುರಿನಿಂದ ಹುಡುಕಿದ. ಸಿಗಲಿಲ್ಲ. ಅವತ್ತು ಅವನಿಗೆ ರೊಟ್ಟಿ ಇಳಿಯಲಿಲ್ಲ.

ಪರೀಕ್ಷೆಗೆ ಸೈಕಲ್ ಪಂಪಿನಿಂದ ಟಾಕಿಗೆ ಗಾಳಿ ತುಂಬಿ, ಬಾಯಿಗೆ ಕೆಂಪು ಬಲೂನು ಕಟ್ಟಿದರು. ಒಂದು ದಿನ ಬಲೂನು ಕುಗ್ಗದಿದ್ದರೆ ಟಾಕಿ ಗಟ್ಟಿ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ದುರಗಪ್ಪ ಸೊಂಟದಲ್ಲಿದ್ದ ದಬ್ಬಳ ತೆಗೆದು, ಬುಡದ ಮೂಲೆಯಲ್ಲಿ ತಿರುವಿ ತಿರುವಿ ಚುಚ್ಚಿದ. ಸಂಜೆಯೊಳಗೆ ಬಲೂನು ಜೋತುಬಿತ್ತು.

"ಮಗ್ಗದವನ ಕೈಯಾಗ ನನ್ನ ಜೀವಾ ಕೊಟ್ಟಿದ್ನಲ್ಲೋ! ಒಮ್ಮೆ ಸೋರಿದ್ದನ್ನ ನಂಬಿ ನಾ ಕೂಡಂಗಿಲ್ಲ," ಎಂದು ಸಂಗಯ್ಯ ಓಣಿಗೆಲ್ಲ ಕೇಳುವಂತೆ ಒದರಿದ. ಲಕ್ಷ್ಮಪ್ಪ ಬಲೂನು ಬಿಚ್ಚಿ ಕೆಳಗಿಟ್ಟ. ಟಾಕಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆದ. ಸಂಗಯ್ಯನ ಉಮೇದೂ ಅಲ್ಲಿಗೇ ಮುಗಿಯಿತು. ವಿಮಾನದ ಇಂಜಿನ್ ಬೇವೂರಿನ ಯಾರದೋ ಬಾವಿಗೆ ನೀರೆತ್ತಲು ಹೋಯಿತು. ದುರಗಪ್ಪನ ಟಾಕಿಯನ್ನು ಆಮೇಲೂ ಯಾರೂ ಕೇಳಲಿಲ್ಲ.

*

ನಳ ತಿರುವಿ ಕೊಡ ಇಟ್ಟ ದುರಗಪ್ಪ ಬುಡದ ಮೂಲೆಗೆ ಬಗ್ಗಿದ. ತೂತಿನ ಜಾಗ ಅವನಿಗೆ ಕಣ್ಣು ಮುಚ್ಚಿದರೂ ಸಿಗುತ್ತಿತ್ತು. ಅಲ್ಲಿ, ರಾಳದೊಳಗೆ, ಸಾಸಿವೆಯಷ್ಟು ಕೆಂಪು. ತೂತು ಮುಚ್ಚಿದ್ದ, ಸೆರಗಿನ ರೇಷ್ಮೆ ಎಳೆಯ ಒಂದು ಗಂಟು.

"ಅದನ್ನ ನೋಡಾಕತ್ತೀಯೇನು?" ಇನ್ನೊಂದು ಕೊಡ ತಂದ ಸಿದ್ದವ್ವ ಹಿಂದೆ ನಿಂತಿದ್ದಳು. "ಟಾಕಿ ತಂದ ದಿನಾನ ಹುಡುಕಿ ತಗದ್ರು. ಇದು ತಾನಾಗಿ ಆದ ತೂತಲ್ಲ, ಹೊರಗಿಂದ ಚುಚ್ಚಿದ್ದು ಅಂದ್ರು."

ದುರಗಪ್ಪ ಬಗ್ಗಿದಲ್ಲಿಂದಲೇ ಕೇಳಿದ. "ಯಾರು ಅಂತ... ಹೇಳಿದ್ನೇನು ವೈನೀ?"

"ಕೇಳಿದ್ನಿ. ನಕ್ಕು ಬಿಟ್ರು. 'ಎಷ್ಟು ದುಂಡಗ ಐತಿ ನೋಡ, ಭಾಳ ಚೊಲೋ ಕೈ ಅದು' ಅಂದ್ರು." ಅವಳು ತಾನು ತಂದ ಕೊಡವನ್ನು ನಳದ ಕೆಳಗಿಟ್ಟು, ತುಂಬಿದ್ದನ್ನು ಸೊಂಟಕ್ಕೇರಿಸಿಕೊಂಡಳು. "ಆವಾಗಿಂದ ಇದರ ನೀರಾನ ಕುಡ್ಯೂದು ನಾವು. ಒಂದು ಹನಿ ಸೋರಿಲ್ಲ. ಲಗೂನ ಬಾ, ಹೊತ್ತಾತು."

ಅವಳು ಹೋದಳು. ಲಕ್ಷ್ಮಪ್ಪ ಬೈದಿದ್ದರೆ, ನಾಲ್ಕು ಮಂದಿಯ ಮುಂದೆ ಮಾನ ಕಳೆದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಹೊಗಳಿ ಹೋಗಿದ್ದಾನೆ, ಹಲ್ಕಟ್! ದುರಗಪ್ಪ ಸೊಂಟಕ್ಕೆ ಕೈ ಹಾಕಿ ದಬ್ಬಳ ಎಳೆದ. ಕೆಂಪು ಗಂಟಿನ ಮೇಲೆ ಮೊನೆ ಇಟ್ಟು, ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಾಕಿ ತಿರುವಿದ.

"ದುರಗ್ಯಾ, ನೀರು ತಾರೋ!" ಅಂಗಳದಿಂದ ಕನಕಪ್ಪ ಕೂಗಿದ.

ಎರಡನೇ ಕೊಡ ತುಂಬಿ ದುರಗಪ್ಪನ ಕಾಲ ಮೇಲೆ ಹರಿಯುತ್ತಿತ್ತು. ದಬ್ಬಳದ ಮೊನೆ ಬಾಗಿತ್ತು. ಗಂಟಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದು ನೋಡಿದ. ಬೆರಳಿಗೆ ಒಂದು ಹನಿಯೂ ಅಂಟಿರಲಿಲ್ಲ.