ವಾಸಿಯಾದವಳು

ಹೆಣದ ಎಡಗಂಕುಳಲ್ಲಿ ತುರುಕಿದ್ದ ಬಟ್ಟೆಯನ್ನು ಬಿಡಿಸುತ್ತಲೇ ಮಂಜಮ್ಮ ಹಿಂದಕ್ಕೆ ಸರಿದಳು. ಎದೆಯಿಂದ ಕಂಕುಳವರೆಗೆ ಹುಣ್ಣು ಬಾಯಿ ತೆರೆದಿತ್ತು. ನೀರು ಹೊಯ್ಯುತ್ತಿದ್ದ ಚಿಕ್ಕವ್ವ ಯರ್ರಮ್ಮ ಚೆಂಬು ಕೆಳಗಿಟ್ಟಳು.

“ನಿಮ್ಮವ್ವ ನಿಂಗೂ ಹೇಳ್ಲಿಲ್ವೇನೇ?”

“ಕೇಳ್ದಾಗೆಲ್ಲ ವಾಸಿಯಾಗೈತೆ ಅಂತಿದ್ಳು ಚಿಕ್ಕವ್ವ. ನಗ್ತಾ ಅಂತಿದ್ಳು.”

*

ಹೋದ ವರ್ಷ ಬೋರಕ್ಕನ ಎದೆಯಲ್ಲಿ ಗಂಟು ಕಾಣಿಸಿದಾಗ ಮಗಳು ಮಂಜಮ್ಮ ದಾವಣಗೆರೆಯ ಆಸ್ಪತ್ರೆಗೆ ಹೊರಡಿಸಿದ್ದಳು. ಗಂಡ ಗಾದ್ರಪ್ಪ ಕರೆದೊಯ್ದದ್ದು ಚಳ್ಳಕೆರೆಯ ಗುರುಗಳ ಬಳಿಗೆ. ಬಯಸಿದ್ದನ್ನು ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಂಡರೆ ಅದು ಬಂದೇ ತೀರುತ್ತದೆ ಎಂಬುದು ಅವರ ಬೋಧನೆ. ತನ್ನ ಎರಡನೇ ಮಗ್ಗ ಹಾಗೇ ಬಂತೆಂದು ಗಾದ್ರಪ್ಪ ನಂಬಿದ್ದ. ಅದು ಹೆಂಡತಿ ನೂತ ನೂಲಿನಿಂದ ಬಂದದ್ದು ಎಂಬುದು ಮಹಾಶಯನಿಗೆ ಹೊಳೆದಿರಲಿಲ್ಲ.

“ವಾಸಿಯಾಗಲಿ ಅಂತ ಬೇಡಬಾರದಮ್ಮ, ವಾಸಿಯಾಗಿದೆ ಅಂತ ಬದುಕಬೇಕು. ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ನಿನ್ನ ಚಿತ್ರ ನೀನೇ ಅಳಿಸಿದ ಹಾಗೆ” ಎಂದರು ಗುರುಗಳು.

ಬೋರಕ್ಕ ಹಾಗೇ ಬದುಕಿದಳು. ದಿನಾ ಸಂಜೆ ಅವರ ಕ್ಯಾಸೆಟ್ ಹಾಕಿಕೊಂಡು ಕೂತಳು. ಉಣ್ಣೆ ತೊಳೆದಳು, ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದಳು. ಎಡಗೈ ಮೇಲೇಳದಾದಾಗ ಮಂಡಿಗೆ ಆನಿಸಿಕೊಂಡು ನೂತಳು. ನೂಲು ಗಂಟುಗಂಟಾಯಿತೆಂದು ಗಾದ್ರಪ್ಪ ರೇಗಿದ. ವಾಸನೆ ಬಂದಾಗ ಹಸಿ ಉಣ್ಣೆಯದು ಎಂದಳು. ಕಂಬಳಿ ನೇಯುವ ಮನೆಯಲ್ಲಿ ಆ ಮಾತನ್ನು ಯಾರು ತಾನೇ ನಂಬುವುದಿಲ್ಲ?

*

ಮಧ್ಯಾಹ್ನ ಬೋರಕ್ಕನನ್ನು ಗುಣಿಗಿಳಿಸುವ ಹೊತ್ತಿಗೆ ಗುರುಗಳ ಕಾರು ಬಂತು. ಜನ ದಾರಿ ಬಿಟ್ಟರು. ಗುಣಿಯ ಅಂಚಿನಲ್ಲಿ ನಿಂತು ಅವರು ಕಣ್ಣು ಮುಚ್ಚಿ ತೆರೆದರು.

“ವಿದ್ಯೆಯ ತಪ್ಪಲ್ಲ ಗಾದ್ರಪ್ಪ. ಆಕೆಯ ಒಳಗೆಲ್ಲೋ ಅನುಮಾನ ಉಳಿದಿತ್ತು. ಅದೇ ಬೆಳೆಯಿತು.”

ಎಂಥ ಮಾತು! ಸತ್ತವಳು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ.

“ಏನಂದ್ರಿ?” ಮಂಜಮ್ಮ ಮುಂದೆ ನುಗ್ಗಿದಳು. “ಕೀವು ಸೋರಿದ್ರೂ ನಿಮ್ಮ ಮಾತು ಬಿಡ್ಲಿಲ್ಲ ನಮ್ಮವ್ವ. ಅವಳಿಗೆ ಅನುಮಾನ ಅಂತೆ! ನಮ್ಮವ್ವನ ಮ್ಯಾಲೆ ತಪ್ಪು ಹೊರಿಸಿ ಮಣ್ಣು ಮಾಡಾಕೆ ನಾನು ಬಿಡಲ್ಲ.”

“ದೊಡ್ಡವ್ರ ಮುಂದೆ ಬಾಯಿ ಮುಚ್ಚೇ” ಎಂದ ಗಾದ್ರಪ್ಪ.

“ನೀನು ನೋಡಿದ್ಯೇನಪ್ಪಾ ಹುಣ್ಣನ್ನ? ಚಿಕ್ಕವ್ವನ್ನ ಕೇಳು.”

ಯರ್ರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಅಂಗೈ ಅಗಲ ಐತೆ ಭಾವ. ಬಟ್ಟೆ ತುರುಕ್ಕೊಂಡು ನೂತವ್ಳೆ. ನೂಲು ಗಂಟು ಅಂತ ನೀವು ಬೈತಿದ್ರಲ್ಲ, ಅವಾಗ್ಲೂ.”

ಗಾದ್ರಪ್ಪ ಗುಣಿಯೊಳಗೆ ನೋಡಿದ.

ಗುರುಗಳು ಬಗ್ಗಿ ಹಿಡಿಮಣ್ಣು ತೆಗೆದುಕೊಂಡರು. ಬಂದವರೆಲ್ಲ ಹಾಕಬೇಕಾದ ಮಣ್ಣು ಅದು. ಗುಣಿಯ ಮೇಲೆ ಕೈ ಚಾಚುವಷ್ಟರಲ್ಲಿ ಗಾದ್ರಪ್ಪ ಅವರ ಮಣಿಕಟ್ಟು ಹಿಡಿದ.

“ಅನುಮಾನ ಪಟ್ಟಿದ್ರೆ ಬದುಕಿರ್ತಿದ್ಳು ಗುರುಗಳೇ.”

ಅವರ ಕೈಯನ್ನು ಪಕ್ಕಕ್ಕೆ ಸರಿಸಿ, ಮುಚ್ಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮಣ್ಣು ಗುಣಿಯ ಹೊರಗೆ, ಗುರುಗಳ ಪಾದಗಳ ಮೇಲೆ ಉದುರಿತು.