ಸೀಟಿಗೆ ಎಸೆದ ಕರವಸ್ತ್ರ

ಮಣ್ಣು ಮಾಡಿಸಲು ಬಂದಿದ್ದ ಅಯ್ಯನವರು ದಾಕ್ಷಾಯಣಮ್ಮನ ಕೊರಳಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಗೆ ಕೈ ಹಾಕುತ್ತಿದ್ದಂತೆ, ಗುಂಡಿಯ ಅಂಚಿನಲ್ಲಿದ್ದ ಅವಳ ಗಂಡ ಪರಮೇಶ್ವರಪ್ಪ, "ಬಿಚ್ಚೋದು ಬ್ಯಾಡ ಬುದ್ಧಿ, ಹಂಗೇ ಇರ್ಲಿ" ಎಂದ. ಯಾರೂ ಏನೂ ಕೇಳುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳ.

"ಅಂಗೈಲಿ ಲಿಂಗ ಇಡ್ದೆ ಮಣ್ಣು ಹಾಕೋದು ಹೆಂಗೆ ಮಾರಾಯ್ರೆ?" ಎಂದರು ಅಯ್ಯನವರು.

ಗುಂಡಿಯೊಳಗೆ ಹೆಂಡತಿ ಹಣೆತುಂಬ ವಿಭೂತಿ ಬಳಿಸಿಕೊಂಡು ಕೂತಿದ್ದಳು. ಎಳವೆಯಲ್ಲಿ ಗುರುಗಳು ಕಟ್ಟಿದ ಲಿಂಗ ಮೈ ಬಿಡಬಾರದು, ಸತ್ತ ಮೇಲೂ ಜೊತೆಗೇ ಮಣ್ಣಾಗಬೇಕು. ಕರಡಿಗೆಯಲ್ಲಿರುವುದು ಅಂಗಡಿಯ ಕಲ್ಲು ಎಂದು ಅಯ್ಯನವರಿಗೆ ತಿಳಿದರೆ ನರಸಿಂಹರಾಜಪುರದಲ್ಲಿ ಅವನು ತಲೆಯೆತ್ತಿ ತಿರುಗುವಂತಿರಲಿಲ್ಲ.

*

ಪೇಟೆಯ ಅರ್ಧ ಹೆಂಗಸರ ರವಿಕೆ ಹೊಲಿದವಳು ದಾಕ್ಷಾಯಣಮ್ಮ. ೨೦೦೮ರ ಬೇಸಿಗೆಯಲ್ಲಿ ಒಂದೇ ರವಿಕೆಗೆ ಮೂರು ತೋಳು ಕತ್ತರಿಸಿದಳು. ಅಲ್ಲಿಂದ ಮರೆವು ಬೆಳೆಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಸ್ಕ್ಯಾನಿಂಗ್ ಇದೆ, ಮೆದುಳಿನ ಕಣಕಣದೊಳಗೆ ಯಾವ ರಸ ಎಷ್ಟು ಹರಿದಾಡುತ್ತದೆಂದು ಕಾಂತದಿಂದಲೇ ಚಿತ್ರ ತೆಗೆಯುತ್ತಾರೆ ಎಂದು ಕೇಳಿ ಪರಮೇಶ್ವರಪ್ಪ ಕರೆದೊಯ್ದ. ಸಂಶೋಧನೆಯಂತೆ, ಪುಕ್ಕಟೆ.

"ಮೈಮೇಲೆ ಏನೂ ಇರಬಾರ್ದು. ಅಲುಗಾಡಲೂಬಾರ್ದು. ನೀವು ಅಲುಗಿದ್ರೆ ಒಳಗಿನ ಓಡಾಟ ಯಾವುದು, ನಿಮ್ಮದು ಯಾವುದು ಅಂತ ಗೊತ್ತಾಗಲ್ಲ" ಎಂದರು ಡಾಕ್ಟರು.

"ಬೆಳ್ಳಿ ಬ್ಯಾಡಾದ್ರೆ ಬರೀ ಲಿಂಗ ಬಟ್ಟೇಲಿ ಕಟ್ಕಳ್ತೀನಿ" ಎಂದು ಅವಳೇ ಕರಡಿಗೆಯಿಂದ ಅದನ್ನು ತೆಗೆದಳು. ಪರಮೇಶ್ವರಪ್ಪ ಕಿತ್ತುಕೊಂಡು, ತನ್ನ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ.

ಯಂತ್ರದೊಳಗೆ ಅವಳ ಕೈ ಎದೆ ತಡಕುತ್ತಲೇ ಇತ್ತು. ಚಿತ್ರವೆಲ್ಲ ಕಲಸಿಹೋಯಿತು. "ಇದು ಉಪಯೋಗಕ್ಕೆ ಬರಲ್ಲ" ಎಂದು ಡಾಕ್ಟರು ಮುಂದಿನವರನ್ನು ಕರೆದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಶಿವಮೊಗ್ಗದ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಸಿಟ್ಟಿನಲ್ಲಿದ್ದ ಪರಮೇಶ್ವರಪ್ಪ ಎಲ್ಲರೂ ಮಾಡುವಂತೆ ಜೇಬಿನ ಕರವಸ್ತ್ರ ತೆಗೆದು ಕಿಟಕಿಯಿಂದ ಸೀಟಿನ ಮೇಲೆ ಎಸೆದ. ಒಳಗೆ ಏನೋ ಬಡಿದ ಸದ್ದಾದಾಗಲೇ ನೆನಪಾದದ್ದು. ಸೀಟು ಸಿಕ್ಕಿತು, ಕರವಸ್ತ್ರವೂ ಸಿಕ್ಕಿತು. ಲಿಂಗ ಯಾರ ಕಾಲಡಿ ಉರುಳಿ ಎಲ್ಲಿ ಹೋಯಿತೋ.

ಮರುದಿನ ಬಾಳೆಹೊನ್ನೂರಿನ ಅಂಗಡಿಯಿಂದ ಇನ್ನೊಂದು ತಂದು ಕರಡಿಗೆಗೆ ತುಂಬಿದ. ಮಗಳ ಹೆಸರನ್ನೂ ಮರೆತಿದ್ದ ದಾಕ್ಷಾಯಣಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡ ಕೂಡಲೇ, "ಇದು ನಂದಲ್ಲ ಕಣ್ರೀ" ಎಂದಳು. ದಿನವೂ ಎಂದಳು. "ಮಂಡೆ ಸರಿ ಇಲ್ಲ, ಕಿವಿಗೆ ಹಾಕ್ಕಬೇಡಿ" ಎಂದು ಪರಮೇಶ್ವರಪ್ಪ ಮನೆಗೆ ಬಂದವರಿಗೆಲ್ಲ ಹೇಳಿದ. ಮಗಳು ಶಿಲ್ಪಶ್ರೀ ಬೈದು ಬೈದು ಪೂಜೆ ಮಾಡಿಸುತ್ತಿದ್ದಳು.

*

ಅಯ್ಯನವರು ಮುಚ್ಚಳ ತೆಗೆದರು. ಕರಡಿಗೆ ಖಾಲಿಯಿತ್ತು.

ಪರಮೇಶ್ವರಪ್ಪನಿಗೆ ಮೊದಲು ಆದದ್ದು ಸಮಾಧಾನ.

"ಎಲ್ಲಿ ಎಸೆದ್ಲೋ ಏನೋ" ಎಂದಳು ಪಕ್ಕದ ಮನೆಯ ವಸಂತಮ್ಮ. "ಲಿಂಗ ಎಸೆದೋಳಿಗೆ ಸದ್ಗತಿ ಎಲ್ಲಿಂದ ಬರ್ಬೇಕು."

"ಎಷ್ಟು ಬೈದ್ರೂ ನಂದಲ್ಲ, ನಂದಲ್ಲ ಅಂತಿದ್ಲು" ಎಂದು ಶಿಲ್ಪಶ್ರೀ ಅಳುತ್ತಾ ತಂದೆಯ ಕಡೆ ತಿರುಗಿದಳು. "ಅಲ್ವ ಅಪ್ಪ?"

"ಹೌದು" ಎಂದ ಪರಮೇಶ್ವರಪ್ಪ. "ಮಂಡೆ ಸರಿ ಇರ್ಲಿಲ್ಲ." ಬೆವರು ಒರೆಸಲು ಕರವಸ್ತ್ರ ತೆಗೆದ.

ಅಯ್ಯನವರು ಅವಳ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ತುಸು ಹೊತ್ತು ಹಿಡಿದು, ತೊಡೆಯ ಮೇಲೆ ಬಿಟ್ಟರು. ಬೆರಳು ಸೆಟೆದು ಅಂಗೈ ತೆರೆದೇ ಇತ್ತು. ಗಂಡ ಹಾಕಿದ ಮೊದಲ ಹಿಡಿ ಮಣ್ಣು ಅದರೊಳಗೇ ಬಿದ್ದು ನಿಂತಿತು.