ನಾಲ್ಕು ಬೆರಳು ಗಿಡ್ಡ

ಕತ್ತರಿ ಬಿಡಿ, ಇಲ್ಲವೇ ಮೀನಿನ ಗಾಳ ಬಿಡಿ ಎಂದಳು ಫಿಸಿಯೋಥೆರಪಿ ಮಾಡುವ ಹುಡುಗಿ. ನನ್ನ ಬಲಗೈ ಮಣಿಕಟ್ಟಿಗೆ ಬೂದುಬಣ್ಣದ ಪಟ್ಟಿ ಬಿಗಿಯುತ್ತಾ, ನಾಳೆ ಮಳೆ ಬರಬಹುದು ಎನ್ನುವಷ್ಟೇ ಸಲೀಸಾಗಿ ಹೇಳಿಬಿಟ್ಟಳು. ನಾನು ಪರದೆ, ಸೋಫಾ ಕವರು ಹೊಲಿಯುವವಳು. ಮೂವತ್ತು ವರ್ಷದಿಂದ ಕತ್ತರಿ ಹಿಡಿದ ಕೈ ಇದು. ಅದನ್ನು ಬಿಟ್ಟರೆ ಒಲೆ ಹತ್ತುವುದಿಲ್ಲ. ಗಾಳ ಬಿಟ್ಟರೆ ಮನೆಯಲ್ಲಿ ಕಣ್ಣಿಗೆ ಬಿದ್ದವರ ಮೇಲೆಲ್ಲ ಹರಿಹಾಯುತ್ತೇನೆ. ಎರಡೂ ಆಗುವ ಮಾತಲ್ಲ.

"ಮೂರನೇದು ಏನೂ ಇಲ್ವಾ?" ಎಂದೆ.

"ಗಾಳದ ರಾಡ್ ಬದಲಾಯಿಸಿ ನೋಡಿ. ಈಗಿನವು ತುಂಬಾ ಹಗುರ ಇರ್ತವಂತೆ," ಎಂದಳು.

ನಾನು ಹಿಡಿಯುವುದು ಎರೆಹುಳು ಸಿಕ್ಕಿಸಿ ದಡದಲ್ಲಿ ತೂಕಡಿಸುತ್ತಾ ಕೂರುವ ಗಾಳವಲ್ಲ. ಗರಿ, ನೂಲು ಸುತ್ತಿ ನೊಣದ ಹಾಗೆ ಮಾಡಿದ ಪುಟ್ಟ ಕೊಕ್ಕೆ. ಅದಕ್ಕೆ ತೂಕವೇ ಇಲ್ಲ, ತೂಕವೆಲ್ಲ ದಾರದಲ್ಲಿ. ರಾಡಿನಿಂದ ದಾರವನ್ನು ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯ್ದು, ಆಮೇಲೆ ಮುಂದಕ್ಕೆ ಬೀಸಬೇಕು. ಆಗ ಆ ನೊಣ ಸದ್ದಿಲ್ಲದೆ ನೀರಿನ ಮೇಲೆ ಹೋಗಿ ಕೂರುತ್ತದೆ. ಹೇಳುವುದಕ್ಕೆ ಇಷ್ಟೇ.

ನನ್ನದು ಅಪ್ಪನ ರಾಡು. ಇರಬೇಕಾದ್ದಕ್ಕಿಂತ ನಾಲ್ಕು ಬೆರಳು ಗಿಡ್ಡ. ತುದಿ ಮುರಿದುಹೋದ ಮೇಲೆ ಅಪ್ಪ ಉಳಿದ ಮೋಟಿಗೇ ದಾರ ಹಾಯುವ ತುದಿಯ ಉಂಗುರವನ್ನು ಅಂಟು ಹಾಕಿ ಕೂರಿಸಿದ್ದ. ತುದಿ ಕಳೆದುಕೊಂಡ ರಾಡು ಬೆತ್ತದಂತೆ ಸೆಟೆದುಕೊಳ್ಳುತ್ತದೆ, ಸುಲಭಕ್ಕೆ ಬಾಗುವುದಿಲ್ಲ. ಬೀಸಿನ ಕೊನೆಯಲ್ಲಿ, ಒದ್ದೆ ಕೈಯಿಂದ ನೀರು ಕೊಡವುತ್ತೇವಲ್ಲ, ಹಾಗೆ ಮಣಿಕಟ್ಟನ್ನು ಒಮ್ಮೆ ಕೊಡವಿದರೆ ಮಾತ್ರ ದಾರ ಹೊರಡುತ್ತದೆ. ನಲವತ್ತು ವರ್ಷ ಹೀಗೆ ಕೊಡವಿ ಕೊಡವಿಯೇ ನನ್ನ ಕೈ ಈ ಗತಿಗೆ ಬಂದದ್ದು.

ಆ ನಾಲ್ಕು ಬೆರಳು ಹೋದದ್ದು ಹೇಗೆಂದು ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ನನಗೆ ಒಂಬತ್ತು ವರ್ಷ, ಅಣ್ಣನಿಗೆ ಹನ್ನೆರಡು. ಹೊಳೆಯಿಂದ ವಾಪಸು ಹೊರಟಿದ್ದೆವು. ಕಾರಿನ ಹಿಂದಿನ ಬಾಗಿಲನ್ನು ನಾನು ದಢಾರನೆ ಹಾಕಿದೆ. ರಾಡಿನ ತುದಿ ಇನ್ನೂ ಹೊರಗಿತ್ತು. ಲಟಕ್ಕೆಂದಿತು. ಅಪ್ಪ ತಿರುಗಿ, "ಯಾರು?" ಎಂದ. ಅಣ್ಣ, "ನಾನು," ಎಂದ.

ಅಪ್ಪ ಹೊಡೆಯಲಿಲ್ಲ. ಆದರೆ ಒಂದು ವರ್ಷ ಅಣ್ಣ ರಾಡು ಮುಟ್ಟುವ ಹಾಗಿಲ್ಲ ಎಂದುಬಿಟ್ಟ. ಖಾಲಿಯಾದ ಅವನ ಸರದಿ ನನಗೆ ಬಂತು. ನಾನು ಮೀನು ಹಿಡಿಯಲು ಕಲಿತದ್ದು ಆ ವರ್ಷ, ಅಣ್ಣ ದಡದಲ್ಲಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಾಗ. ಮರುವರ್ಷ ಅವನೂ ಅದೇ ಗಿಡ್ಡ ರಾಡಿನಲ್ಲಿ ತನ್ನ ಎಡಗೈಯಿಂದ ಕೊಡವುವುದನ್ನು ಕಲಿತ.

ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡ. ಮನೆ ಖಾಲಿ ಮಾಡುವ ದಿನ ಚಿಕ್ಕಪ್ಪ, ಅತ್ತೆಯರು, ಅವರ ಮಕ್ಕಳು ಎಲ್ಲ ಸೇರಿದ್ದರು. ಅಣ್ಣ ಒಂದೇ ಒಂದು ವಸ್ತು ಕೇಳಿದ, ಆ ರಾಡು. ಮೂರು ರಾತ್ರಿ ನಿದ್ದೆಯಿಲ್ಲದೆ ನನ್ನ ಸಿಟ್ಟು ಮೂಗಿನ ತುದಿಯಲ್ಲಿತ್ತು. "ಮುರಿದವನು ಯಾವ ಮುಖ ಇಟ್ಕೊಂಡು ಕೇಳ್ತೀಯ?" ಎಂದುಬಿಟ್ಟೆ, ಎಲ್ಲರ ಮುಂದೆ. ಅವನು ಒಂದು ಮಾತು ತಿರುಗಿಸಿ ಆಡಿದ್ದರೆ ನನ್ನ ಮಾನ ಹರಾಜಾಗುತ್ತಿತ್ತು. ಅವನು ನನ್ನನ್ನೇ ಒಂದು ಕ್ಷಣ ನೋಡಿ, ಬೀರುವಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಚೀಲ ಎತ್ತಿಕೊಂಡು ಹೋದ.

ಅಂದಿನಿಂದ ಮಾತಿಲ್ಲ. ಇದೇ ಊರಿನಲ್ಲಿ, ಎರಡು ಬಸ್ಸು ಬದಲಾಯಿಸಿದರೆ ಅವನ ಮನೆ. ಮದುವೆ, ಸಾವು ಇದ್ದರೆ ಅತ್ತಿಗೆ ಮೆಸೇಜು ಹಾಕುತ್ತಾರೆ. ಮುರಿದಿದ್ದು ನಾನು. ಎರಡೇ ಪದ. ಎಷ್ಟು ಸಲ ಫೋನು ಕೈಗೆತ್ತಿಕೊಂಡೆನೋ, ಆ ಎರಡು ಪದ ಬಾಯಿಂದ ಹೊರಬೀಳಲಿಲ್ಲ. ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ. ಅವರ ಲೆಕ್ಕದಲ್ಲೂ ರಾಡು ಮುರಿದವನು ನನ್ನ ಅಣ್ಣನೇ.

ಇಂಥ ಸಾಮಾನು ಮಾರುವ ಅಂಗಡಿ ಊರಿಗೆಲ್ಲ ಒಂದೇ. ನಮ್ಮ ಮನೆಯವರೇ ಕಾರು ಓಡಿಸಿಕೊಂಡು ಬಂದರು. "ಪಕ್ಕದಲ್ಲೇ ಮೀನಂಗಡಿ ಇದೆ, ಕೆಲಸ ಬೇಗ ಆಗತ್ತೆ," ಎಂದು ದಾರಿಯುದ್ದಕ್ಕೂ ಕಿಚಾಯಿಸಿದರು. ಅಂಗಡಿಯವರು ಬಕ್ಕತಲೆಯ ಮೇಲೆ ಕನ್ನಡಕ ಏರಿಸಿಕೊಂಡ ನಿಧಾನಿ. ನನ್ನ ಕೈಪಟ್ಟಿ ನೋಡಿದರು, ಏನೂ ಕೇಳದೆ ಮೂರು ರಾಡು ತಂದು ಕೌಂಟರಿನ ಮೇಲೆ ಸಾಲಾಗಿ ಇಟ್ಟರು.

"ಇದು ಕಲಿಯೋರಿಗೆ. ಇದು ತೋರಿಸ್ಕೊಳ್ಳೋರಿಗೆ, ಸ್ವಲ್ಪ ತಪ್ಪಿದ್ರೂ ಸಹಿಸಲ್ಲ. ಈ ಮಧ್ಯದ್ದು ಮೀನು ಹಿಡಿಯೋರಿಗೆ."

"ನಮ್ಮವಳು ಮೂರೂ ಅಲ್ಲ," ಎಂದರು ನಮ್ಮ ಮನೆಯವರು. "ನೀರು ಸರಿಯಾಗಿ ಹರೀತಿದೆಯಾ ಅಂತ ನೋಡ್ಕೊಂಡು ಬರ್ತಾಳೆ."

ಅಂಗಡಿಯ ಹಿಂದೆ ಸಿಮೆಂಟಿನ ಅಂಗಳ. ಒಂದು ಮೂಲೆಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳು, ಇನ್ನೊಂದರಲ್ಲಿ ಸ್ಕೂಟರು, ದೂರದಲ್ಲಿ ಗುರಿಗೆಂದು ಹಾಸಿದ ಹಳೆಯ ಸೈಕಲ್ ಟೈರು. ಅಂಗಡಿಯವರು ದಾರದ ತುದಿಗೆ ಕೊಕ್ಕೆಯ ಬದಲು ಕೆಂಪು ಉಣ್ಣೆಯ ಎಳೆ ಕಟ್ಟಿಕೊಟ್ಟರು. ಮಧ್ಯದ ರಾಡು ಕೈಗೆ ಬಂದಾಗ ಹಿಡಿದಿದ್ದೇನೋ ಇಲ್ಲವೋ ಎನ್ನುವಷ್ಟು ಹಗುರವಿತ್ತು. ಬೀಸಿದೆ. ಕೊನೆಯಲ್ಲಿ ಅಭ್ಯಾಸಬಲದಿಂದ ಕೈ ಕೊಡವಿತು. ದಾರ ನನ್ನ ಮುಂದೆಯೇ ಕುಸಿದು ಗುಡ್ಡೆಯಾಯಿತು. ಇನ್ನೊಮ್ಮೆ ಬೀಸಿದೆ, ಉಣ್ಣೆ ಹೋಗಿ ಸ್ಕೂಟರಿನ ಕನ್ನಡಿಗೆ ಸುತ್ತಿಕೊಂಡಿತು. ನನಗೆ ರೇಗಿ ಹೋಯಿತು.

"ರಾಡ್ ಸರಿ ಇಲ್ಲ ಇದು," ಎಂದೆ.

"ರಾಡ್ ಸರಿಯಾಗೇ ಇದೆ ಮೇಡಂ. ಕೊನೇಲಿ ಕೈ ಕೊಡವ್ತೀರಲ್ಲ, ಅದನ್ನ ಯಾರು ಕಲಿಸಿದ್ದು?"

"ನಮ್ಮಪ್ಪ."

"ಹೀಗೇ ಕೊಡವೋರು ಇನ್ನೊಬ್ರಿದ್ದಾರೆ. ನಿಮ್ಮನ್ನ ಕನ್ನಡೀಲಿ ನೋಡಿದ ಹಾಗೆ. ಅವರದ್ದು ಎಡಗೈ. ಲಿಫ್ಟ್ ರಿಪೇರಿ ಮಾಡ್ತಾರೆ."

ಅಣ್ಣ ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್.

ಅಂಗಡಿಯವರಿಗೆ ಹೇಳಿಕೊಳ್ಳಲು ಜನ ಬೇಕಿತ್ತು ಎಂದು ಕಾಣುತ್ತದೆ. ಒಳಗೆ ಕರೆದುಕೊಂಡು ಹೋಗಿ ಗೋಡೆಗೆ ಒರಗಿಸಿದ್ದ ಒಂದು ರಾಡು ತೋರಿಸಿದರು. ನಾನು ಈಗ ತಾನೇ ಬೀಸಿದ ರಾಡೇ, ಮಧ್ಯದ ದರ್ಜೆಯದು, ಹೊಚ್ಚ ಹೊಸದು. "ಹೋದ ತಿಂಗಳು ತಗೊಂಡ್ರು. ಒಂದು ವಾರಕ್ಕೆ ವಾಪಸ್ ಬಂದ್ರು, ತುದೀಲಿ ನಾಲ್ಕು ಬೆರಳು ಕತ್ತರಿಸಿ ಉಂಗುರ ಕೂರಿಸ್ಕೊಡಿ ಅಂತ! ಮುರಿದಿದ್ದನ್ನ ಸರಿ ಮಾಡಿ ಅಂತ ಬರೋರನ್ನ ದಿನಾ ನೋಡ್ತೀನಿ. ಸರಿ ಇರೋದನ್ನ ಮುರೀರಿ ಅಂತ ಬಂದೋರು ಇವರೊಬ್ರೇ. ಗ್ಯಾರಂಟಿ ಹೋಗತ್ತೆ ಅಂದೆ. ಹೋಗ್ಲಿ ಅಂದ್ರು. ಹಲ್ಲು ಕಚ್ಚಿಕೊಂಡು ಕತ್ತರಿಸಿದೀನಿ."

ಪೂರ್ತಿ ರಾಡನ್ನು ಅದರ ಪಕ್ಕಕ್ಕೆ ಹಿಡಿದು ಬೆರಳಿಟ್ಟು ಅಳೆದೆ. ಬಟ್ಟೆ ಅಳೆಯುವವಳ ಬೆರಳು ಸುಳ್ಳು ಹೇಳುವುದಿಲ್ಲ. ಸರಿಯಾಗಿ ನಾಲ್ಕು.

"ಯಾಕಂತೆ?" ಎಂದೆ.

"ಚಿಕ್ಕವನಿದ್ದಾಗ ಅಪ್ಪನ ರಾಡನ್ನ ನಾನೇ ಕಾರಿನ ಬಾಗಿಲಿಗೆ ಸಿಕ್ಕಿಸಿ ಮುರಿದೆ, ಆಮೇಲೆ ಅದರಲ್ಲೇ ಕೈ ಕೂತ್ಕೊಂಡ್ತು ಅಂದ್ರು."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಈ ಅಂಗಡಿಯವರು ಅವನಿಗೆ ನೆಂಟರಲ್ಲ, ಇಷ್ಟರಲ್ಲ. ನಾನು ಹತ್ತಿರದಲ್ಲೂ ಇರಲಿಲ್ಲ. ಆರು ವರ್ಷದಿಂದ ನನ್ನ ಮುಖ ನೋಡದವನು, ಯಾರೋ ಗುರುತಿಲ್ಲದವರ ಮುಂದೆಯೂ ಅದೇ ಸುಳ್ಳು ಹೇಳಿದ್ದಾನೆ. ನಾಚಿಕೆಯಿಂದ ಕೈಪಟ್ಟಿಯನ್ನೇ ಬಿಚ್ಚಿ ಬಿಚ್ಚಿ ಕಟ್ಟತೊಡಗಿದೆ.

"ಕೈ ನೋವಾ?" ನಮ್ಮ ಮನೆಯವರು ಬಗ್ಗಿ ಕೇಳಿದರು.

"ಹೂಂ," ಎಂದೆ. ಇನ್ನೊಂದು ಸುಳ್ಳು.

ಅವನು ರಾಡು ಒಯ್ಯಲು ಬರುವುದು ಶನಿವಾರ ಹನ್ನೊಂದಕ್ಕೆ ಎಂದು ತಿಳಿದುಕೊಂಡೆ. ನನ್ನದನ್ನೂ ಅವತ್ತೇ ಒಯ್ಯುತ್ತೇನೆ, ಮಧ್ಯದ್ದೇ ಇರಲಿ, ಕತ್ತರಿಸುವುದು ಬೇಡ ಎಂದು ಹೇಳಿ ಹೊರಟೆ.

ಶನಿವಾರ ನಮ್ಮ ಮನೆಯವರ ಜೊತೆ ಹತ್ತೂವರೆಗೇ ಹೋದೆ. ಪರದೆ ಬಟ್ಟೆಯಲ್ಲಿ ನಾನೇ ಹೊಲಿದ ಚೀಲದಲ್ಲಿ ಅಪ್ಪನ ರಾಡಿತ್ತು. ಅದನ್ನು ಕೌಂಟರಿನಲ್ಲಿ ಕೊಟ್ಟು, ಒಂದು ಚೀಟಿ ಬರೆದಿಟ್ಟು ಜಾರಿಕೊಂಡರೆ ಹೇಗೆ ಎಂದು ಮನಸ್ಸು ಹೇಳಿತು. ಚೀಟಿಗೆಂದು ಪೆನ್ನೂ ಕೇಳಿ ಇಸಿದುಕೊಂಡೆ. ಆಮೇಲೆ, ಎಲ್ಲರ ಮುಂದೆ ಹೊರಿಸಿದ್ದನ್ನು ಚೀಟಿಯಲ್ಲಿ ಇಳಿಸಲು ಬರುವುದಿಲ್ಲ ಅನ್ನಿಸಿ ಪೆನ್ನು ಹಿಂತಿರುಗಿಸಿದೆ.

ಹನ್ನೊಂದಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ಅಣ್ಣನ ಕೂದಲು ಪೂರ್ತಿ ನೆರೆತಿತ್ತು. ಕೆಲಸದ ಉದ್ದ ತೋಳಿನ ನೀಲಿ ಅಂಗಿ, ಸೊಂಟದಲ್ಲಿ ಸ್ಪ್ಯಾನರು. ನನ್ನನ್ನು ಕಂಡವನು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಬಾಗಿಲು ಹಿಡಿದುಕೊಂಡೇ ನಿಂತ.

ಅಂಗಡಿಯವರಿಗೆ ಉತ್ಸಾಹ. "ಬನ್ನಿ ಬನ್ನಿ! ಮೇಡಂ, ನಾನು ಹೇಳಿದ್ನಲ್ಲ, ಚಿಕ್ಕವರಿದ್ದಾಗ ರಾಡ್ ಮುರಿದವರು, ಇವರೇ."

"ಅಲ್ಲ," ಎಂದೆ.

ಜೋರಾಗಿಯೇ ಎಂದಿರಬೇಕು. ಮೂಲೆಯಲ್ಲಿ ದಾರದ ರೀಲು ಆರಿಸುತ್ತಿದ್ದ ಹೆಂಗಸು ತಲೆ ಎತ್ತಿ ನೋಡಿದಳು.

"ಮುರಿದಿದ್ದು ನಾನು. ಬಾಗಿಲು ಹಾಕಿದ್ದೂ ನಾನೇ. ಇವನು ಅವತ್ತಿಂದ ಇವತ್ತಿನವರೆಗೂ ಬರೀ ಸುಳ್ಳು ಹೇಳ್ಕೊಂಡು ಬಂದಿದ್ದಾನೆ. ನಾನೂ ಬಾಯಿ ಮುಚ್ಕೊಂಡು ಇದ್ದೆ. ಅಷ್ಟೇ ಅಲ್ಲ, ನೀನೇ ಮುರಿದಿದ್ದು ಅಂತ ಎಲ್ಲರ ಮುಂದೆ ಬೈದೆ."

ತಪ್ಪು ಒಪ್ಪಿಕೊಳ್ಳುವಾಗಲೂ ನನ್ನ ದನಿ ಜಗಳದ ದನಿಯೇ, ಏನು ಮಾಡಲಿ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯವರು ಕಿಚಾಯಿಸುವುದು ಬಿಟ್ಟು ನನಗೊಂದು ಸ್ಟೂಲು ಎಳೆದು ಹಾಕಿದರು.

ಅಣ್ಣ ಬಾಗಿಲು ಬಿಟ್ಟು ಒಳಗೆ ಬಂದ. ನನ್ನ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದ.

"ಕೈಗೇನಾಯ್ತು?"

"ಕೊಡವಿ ಕೊಡವಿ ಹೋಯ್ತು."

ಅವನು ಎಡಗೈ ತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಸರಿಸಿದ. ಅದೇ ಬೂದುಬಣ್ಣದ ಪಟ್ಟಿ. "ಎರಡು ವರ್ಷ ಆಯ್ತು," ಎಂದ.

"ಕೈ ಹೀಗಿಟ್ಕೊಂಡು ಒಳ್ಳೇ ರಾಡನ್ನ ಕತ್ತರಿಸಿದ್ಯಲ್ಲೋ, ನಿಂಗೆ ತಲೆ ಸರಿ ಇದೆಯಾ?"

"ಅಪ್ಪಂದು ಸಿಗಲಿಲ್ವಲ್ಲ." ಸಿಟ್ಟಿಲ್ಲದೆ ಹೇಳಿದ. ಬಸ್ಸು ಸಿಗಲಿಲ್ಲ ಎಂದ ಹಾಗೆ.

ಚೀಲದ ದಾರ ಎಳೆದು ಬಿಚ್ಚಿ ಅಪ್ಪನ ರಾಡನ್ನು ಅವನ ಕೈಗೆ ಕೊಟ್ಟೆ. ತುದಿಯಲ್ಲಿ ಅಪ್ಪ ಹಾಕಿದ್ದ ಅಂಟಿನ ಗಂಟಿದೆ. ಅಣ್ಣ ಹೆಬ್ಬೆರಳಿನಿಂದ ಅದನ್ನು ಸವರಿದ. ನಾನು ಅತ್ತೆ, ರೀಲಿನ ಹೆಂಗಸಿನ ಎದುರಿಗೇ ಅತ್ತೆ.

"ಆ ಕತ್ತರಿಸಿದ್ದನ್ನ ಏನ್ಮಾಡೋದು ಈಗ?" ಅಂಗಡಿಯವರು ತಲೆಯ ಮೇಲಿನ ಕನ್ನಡಕ ಹುಡುಕುತ್ತಾ ಕೇಳಿದರು.

"ನಂಗೆ ಕೊಡಿ," ಎಂದರು ನಮ್ಮ ಮನೆಯವರು. "ಏನೂ ಬರದವನಿಗೆ ಯಾವುದಾದ್ರೇನು."

ಹೊಸ ರಾಡಿಗೆ ನನ್ನ ಕೈ ಒಗ್ಗಿಸಬೇಕಿತ್ತು. ಅಣ್ಣನೂ ನಾನೂ ಹಿಂದಿನ ಅಂಗಳಕ್ಕೆ ಹೋದೆವು. ಅವನು ದಾರಕ್ಕೆ ಕೆಂಪು ಉಣ್ಣೆ ಕಟ್ಟುತ್ತಿದ್ದ. ಕೇಳಲೋ ಬೇಡವೋ ಎಂದು ಯೋಚಿಸಿ, ಕೇಳಿಯೇಬಿಟ್ಟೆ.

"ಅವತ್ತು ನೀನ್ಯಾಕೆ 'ನಾನು' ಅಂದೆ?"

"ನೀನು ಒಂಬತ್ತು ವರ್ಷದವಳು. ಕಾರಿನ ಪಕ್ಕ ನಿಂತ್ಕೊಂಡು ಗಡಗಡ ನಡುಗ್ತಿದ್ದೆ."

"ಸರಿ. ಅಪ್ಪ ಹೋದಾಗ? ಎಲ್ಲರ ಮುಂದೆ ನಾನು ಹಾಗಂದಾಗ ನಿಜ ಹೇಳ್ಬಹುದಿತ್ತಲ್ಲ. ನಾನೇನು ಒಂಬತ್ತು ವರ್ಷದವಳಾಗಿದ್ನಾ?"

ಅಣ್ಣ ಉಣ್ಣೆಯ ಗಂಟನ್ನು ಹಲ್ಲಿನಿಂದ ಬಿಗಿ ಮಾಡಿದ, ದಾರ ಎಳೆದು ನೋಡಿದ, ರಾಡನ್ನು ನನ್ನ ಕೈಗಿತ್ತ.

"ನೀನು ಅವತ್ತೂ ನಡುಗ್ತಿದ್ದೆ," ಎಂದ.